ಕೈಬರಹ ಹಣೆಬರಹವಲ್ಲ
ಅಕ್ಷರದ ಇತಿಹಾಸ, ವ್ಯಕ್ತಿತ್ವ ಮತ್ತು ಆಪ್ತಸಮಾಲೋಚನೆ



"ನಿಮ್ಮ ಕೈಬರಹದ ನಾಲ್ಕು ಸಾಲು ಕೊಡಿ, ನಿಮ್ಮ ಸ್ವಭಾವವನ್ನೆಲ್ಲ ಹೇಳುತ್ತೇನೆ" ಎನ್ನುವವರನ್ನು ನೀವೂ ನೋಡಿರಬಹುದು. ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಮತ್ತು ವೃತ್ತಿ ಮಾರ್ಗದರ್ಶನದ ಹೆಸರಿನ ತರಬೇತಿಗಳಲ್ಲಿ ಈ ವಿದ್ಯೆಗೆ ಒಳ್ಳೆಯ ಬೇಡಿಕೆ ಇದೆ. ಇದಕ್ಕೆ ಗ್ರಾಫಾಲಜಿ ಅಥವಾ ಕೈಬರಹ ವಿಶ್ಲೇಷಣೆ ಎಂದು ಹೆಸರು. ಅಕ್ಷರ ಬಲಕ್ಕೆ ವಾಲಿದರೆ ಭಾವುಕ, ಎಡಕ್ಕೆ ವಾಲಿದರೆ ಒಳಮುಖಿ, ಸಾಲು ಮೇಲೇರಿದರೆ ಆಶಾವಾದಿ, ಇಳಿದರೆ ನಿರಾಶಾವಾದಿ, ಒತ್ತಿ ಬರೆದರೆ ಹಟಮಾರಿ ಎಂಬಂಥ ಸೂತ್ರಗಳನ್ನು ಅಲ್ಲಿ ಕಲಿಸುತ್ತಾರೆ. ಅಕ್ಷರ ತಿದ್ದಿಕೊಂಡರೆ ಸ್ವಭಾವವೂ ತಿದ್ದುತ್ತದೆ ಎಂದು ಹೇಳುವವರೂ ಇದ್ದಾರೆ.

ಕೇಳಲು ಇದು ಸೊಗಸಾಗಿದೆ. ಆದರೆ ಎಂಟನೆಯ ಇಯತ್ತೆಯ ಒಬ್ಬ ಹುಡುಗಿಗೆ ದೊಡ್ಡವರೊಬ್ಬರು "ನಿನ್ನ ಅಕ್ಷರ ನೋಡಿದರೆ ನಿನಗೆ ಆತ್ಮವಿಶ್ವಾಸವಿಲ್ಲ ಎಂದು ತಿಳಿಯುತ್ತದೆ" ಎಂದು ಹೇಳಿದರೆ ಏನಾಗಬಹುದೆಂದು ಯೋಚಿಸಿರಿ. ಮನೆಯಲ್ಲಿ ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತಿದ ಮಗು ಆ ಮಾತನ್ನು ಪ್ರಶ್ನಿಸುವುದಿಲ್ಲ, ನಂಬುತ್ತದೆ. ಆದ್ದರಿಂದ ಈ ವಿದ್ಯೆ ಎಲ್ಲಿಂದ ಬಂತು, ಎಷ್ಟು ನಿಜ, ಎಷ್ಟು ಊಹೆ ಎಂಬುದನ್ನು ತಿಳಿಯುವುದು ಶಿಕ್ಷಕರಿಗೂ ಪಾಲಕರಿಗೂ ವಿದ್ಯಾರ್ಥಿಗಳಿಗೂ ಅವಶ್ಯ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರಾದ ನಮಗೆ ಇದನ್ನು ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಭಾಗದ ಅಕ್ಷರದ ಇತಿಹಾಸವೇ ಇದಕ್ಕೆ ಒಳ್ಳೆಯ ಪಾಠ ಹೇಳುತ್ತದೆ.

ರನ್ನನ ಅಕ್ಷರ ಎಲ್ಲಿದೆ?

ಮುಧೋಳವೆಂದರೆ ಕವಿಚಕ್ರವರ್ತಿ ರನ್ನನ ಊರು. ಬಳೆಗಾರರ ಮನೆತನದಲ್ಲಿ ಕ್ರಿ.ಶ. 949ರಲ್ಲಿ ಹುಟ್ಟಿದ ರನ್ನ 'ಅಜಿತ ಪುರಾಣ' ಮತ್ತು 'ಗದಾಯುದ್ಧ' ಬರೆದವನು. ಇಂದು ನಾವು ಓದುವ ಈ ಕಾವ್ಯಗಳು ಅವನ ಕೈಬರಹದಲ್ಲಿ ಉಳಿದಿಲ್ಲ. ಶತಮಾನಗಳುದ್ದಕ್ಕೂ ಲಿಪಿಕಾರರು ಓಲೆಗರಿಯಿಂದ ಓಲೆಗರಿಗೆ ಇಳಿಸಿಕೊಂಡು ಬಂದ ಪ್ರತಿಗಳಿಂದ ಅವು ನಮಗೆ ದೊರೆತಿವೆ. ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲ ಹೆಮ್ಮೆಪಡುವ ಸಂಗತಿ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟೊಂದು ಕೈಗಳ ದುಡಿಮೆ! ಆ ಕೈಗಳ ಒಡೆಯರ ಹೆಸರು ಇಂದು ಯಾರಿಗೂ ತಿಳಿಯದು.

ಹಾಗಾದರೆ ರನ್ನನ ಸ್ವಂತ ಅಕ್ಷರವೇ ಇಲ್ಲವೇ? ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಶ್ರೀ ಕವಿರತ್ನ' ಎಂಬ ಹಳಗನ್ನಡದ ಬರಹವಿದೆ. 'ಕವಿರತ್ನ' ಎಂಬುದು ರನ್ನನ ಬಿರುದು. ಅಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನೂ ಅವನಿಗೆ ಆಶ್ರಯದಾತ. ಆದ್ದರಿಂದ ಇದು ರನ್ನನ ಹಸ್ತಾಕ್ಷರವೇ ಎಂದು ವಿದ್ವಾಂಸರು ಗುರುತಿಸುತ್ತ ಬಂದಿದ್ದಾರೆ. ಅವರು ಹಾಗೆ ಹೇಳಲು ಆಧಾರವಾದದ್ದು ಲಿಪಿಯ ಕಾಲ, ಬಿರುದು ಮತ್ತು ಆ ಸ್ಥಳದೊಂದಿಗೆ ಕವಿಗಿದ್ದ ಸಂಬಂಧ. ಆ ಅಕ್ಷರಗಳ ಬಾಗು ನೋಡಿ ರನ್ನ ಅಭಿಮಾನಿಯೋ ಮುಂಗೋಪಿಯೋ ಎಂದು ಯಾವ ವಿದ್ವಾಂಸನೂ ಹೇಳಲಿಲ್ಲ. ರನ್ನನ ಸ್ವಭಾವ ತಿಳಿಯಬೇಕೆಂದರೆ ಗದಾಯುದ್ಧದ ದುರ್ಯೋಧನನನ್ನು ಅವನು ಹೇಗೆ ಚಿತ್ರಿಸಿದ ಎಂಬುದನ್ನು ಓದಬೇಕು. ಮನುಷ್ಯನ ಮನಸ್ಸು ಅವನು ಬರೆದ ಮಾತಿನಲ್ಲಿ ಸಿಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವಿಜಾಪುರದ ಲೇಖನಿ

ಮುಂದೆ ನಮ್ಮ ಭಾಗ ಬಹಮನಿ ಸುಲ್ತಾನರ, ಅನಂತರ ವಿಜಾಪುರದ ಆದಿಲಶಾಹಿಗಳ ಆಡಳಿತಕ್ಕೆ ಸೇರಿತು. ಆಗ ಬಂದ ಪಾರಸಿ ದಫ್ತರದ ಗುರುತು ನಮ್ಮ ಮಾತಿನಲ್ಲಿ ಇಂದಿಗೂ ಇದೆ. ಕಾಗದ, ಶಾಯಿ, ದಫ್ತರ, ದಸ್ತಾವೇಜು, ಗುಮಾಸ್ತ, ದಸ್ಕತ್ತು ಇವೆಲ್ಲ ಆ ದಾರಿಯಿಂದ ಬಂದ ಶಬ್ದಗಳು. ಕಾನೂನಿನ ಪುಸ್ತಕದಲ್ಲಿ ನಾವು 'ಕಲಂ' ಎನ್ನುತ್ತೇವಲ್ಲ, ಅದೂ ಅರಬ್ಬಿಯಲ್ಲಿ ಲೇಖನಿ ಎಂಬ ಅರ್ಥದ ಶಬ್ದವೇ.

ವಿಜಾಪುರದ ದರ್ಬಾರಿನಲ್ಲಿ ಸುಂದರ ಬರವಣಿಗೆಗೆ ದೊರೆತ ಮನ್ನಣೆ ದೊಡ್ಡದು. ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಲಿಪಿಕಾರ ಎರಡನೆಯ ಇಬ್ರಾಹಿಂ ಆದಿಲಶಾಹನ 'ಕಿತಾಬ್-ಎ-ನವರಸ್' ಕೃತಿಯ ಪ್ರತಿಯೊಂದನ್ನು ನಸ್ತಾಲೀಖ್ ಶೈಲಿಯಲ್ಲಿ ಬರೆದು ಒಪ್ಪಿಸಿದಾಗ, ಸುಮಾರು 1618ರಲ್ಲಿ, ಸುಲ್ತಾನ ಅವನಿಗೆ 'ಪಾದಶಾಹ್-ಎ-ಕಲಂ' ಎಂಬ ಬಿರುದು ಕೊಟ್ಟ. ಲೇಖನಿಯ ಚಕ್ರವರ್ತಿ ಎಂದು ಇದರ ಅರ್ಥ. ಇಂಥ ಬರವಣಿಗೆಯ ಶಿಸ್ತು ಬಹಳ ಹಳೆಯದು. ಹತ್ತನೆಯ ಶತಮಾನದ ಬಗ್ದಾದಿನ ಇಬ್ನ್ ಮುಕ್ಲಾ ಎಂಬ ಮಂತ್ರಿ ಅಕ್ಷರಗಳನ್ನು ಚುಕ್ಕಿಗಳ ಲೆಕ್ಕದಲ್ಲಿ ಅಳೆದು ಬರೆಯುವ ಪದ್ಧತಿಗೆ ಹೆಸರಾದವನು. ಅಲಿಫ್ ಎಷ್ಟು ಚುಕ್ಕಿ ಎತ್ತರ ಇರಬೇಕು, ನೂನ್ ಎಷ್ಟು ಬಾಗಬೇಕು ಎಂಬುದನ್ನು ಶಿಷ್ಯ ವರ್ಷಗಟ್ಟಲೆ ತಿದ್ದಿ ಕಲಿಯುತ್ತಿದ್ದ. ಇಲ್ಲಿ ಅಕ್ಷರ ತೋರಿಸುವುದು ಗುರುವನ್ನು, ಶೈಲಿಯನ್ನು, ಅಭ್ಯಾಸವನ್ನು. ಒಬ್ಬನೇ ಗುರುವಿನ ಹತ್ತು ಶಿಷ್ಯರ ಅಕ್ಷರ ಒಂದೇ ತರಹ ಇರಬಹುದು. ಅವರ ಸ್ವಭಾವಗಳು ಹತ್ತು ತರಹ ಇದ್ದೇ ಇರುತ್ತವೆ.

ಮೋಡಿ ಕಾಗದ ಮತ್ತು ಮುಧೋಳದ ಫರ್ಮಾನುಗಳು

ಒಂದನೆಯ ಇಬ್ರಾಹಿಂ ಆದಿಲಶಾಹ (1534-1558) ಲೆಕ್ಕಪತ್ರದ ಭಾಷೆಯನ್ನು ಪಾರಸಿಯಿಂದ ದೇಶಭಾಷೆಗೆ ಬದಲಾಯಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಮೇಲೆ ಪಾರಸಿ, ಕೆಳಗೆ ಮೋಡಿ ಲಿಪಿಯ ಮರಾಠಿ ಇರುವ ದಸ್ತಾವೇಜುಗಳು ಆ ಕಾಲದವು ಸಾಕಷ್ಟು ಸಿಗುತ್ತವೆ. ಮುಂದೆ ಪೇಶ್ವೆಗಳ ಕಾಲದಲ್ಲಿ ಮೋಡಿ ಇನ್ನಷ್ಟು ಬಳಕೆಗೆ ಬಂತು. ಲೇಖನಿ ಹೆಚ್ಚು ಎತ್ತದೆ ವೇಗವಾಗಿ ಬರೆಯಲು ಅನುಕೂಲವಾದ ಲಿಪಿ ಅದು.

1948ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಗುವವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ನೇರವಾಗಿ ಬ್ರಿಟಿಷರ ಜಿಲ್ಲೆಯಲ್ಲಿತ್ತು. ಇಷ್ಟು ಹತ್ತಿರದ ಊರುಗಳಿಗೆ ಇಷ್ಟು ದಫ್ತರಗಳು! ಬ್ರಿಟಿಷ್ ಭಾಗದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳು ಬೆಳೆದವು. ಮರಾಠಿ ಸಂಸ್ಥಾನಗಳ ಕಚೇರಿಗಳಲ್ಲಿ ಮಾತ್ರ ಮೋಡಿಯೇ ಬಹುಕಾಲ ನಡೆಯಿತು. ಹೀಗಾಗಿ ಹೊಲಮನೆಗಳ ಹಳೆಯ ಕಾಗದ ತೆಗೆದರೆ ಮೊಮ್ಮಕ್ಕಳಿಗೆ ಓದಲು ಬಾರದ ಮೋಡಿ ಎದುರಾಗುವುದು ನಮ್ಮ ಕಡೆ ಅಪರೂಪವಲ್ಲ.

ಈ ಹಳೆಯ ಪತ್ರಗಳ ಬಗ್ಗೆ ಒಂದು ಮಾತು ಗಮನಿಸಬೇಕು. ಸರದಾರನ ಹೆಸರಿನ ಪತ್ರವನ್ನು ಸಾಮಾನ್ಯವಾಗಿ ಬರೆಯುತ್ತಿದ್ದವನು ಕಾರಕೂನ. ಸರದಾರ ಕೊನೆಗೆ ಒಂದೆರಡು ಶಬ್ದ ಸೇರಿಸಿದರೆ ಅಥವಾ ಮುದ್ರೆ ಒತ್ತಿದರೆ ಆಯಿತು. ಆ ಪತ್ರದ ಅಕ್ಷರ ನೋಡಿ ಸರದಾರನ ಸ್ವಭಾವ ಹೇಳಲು ಹೊರಟರೆ ಸಿಗುವುದು ಬಡ ಕಾರಕೂನನ ಕೈಯ ಪಳಗಿಕೆ ಅಷ್ಟೇ.

ಮುಧೋಳದ ಘೋರ್ಪಡೆ ಮನೆತನದಲ್ಲಿ ಕಾಪಾಡಿಕೊಂಡು ಬಂದ ಪಾರಸಿ ಫರ್ಮಾನುಗಳು 1930ರ ದಶಕದಲ್ಲಿ ಪ್ರಕಟವಾದಾಗ ಇತಿಹಾಸಕಾರರಲ್ಲಿ ದೊಡ್ಡ ಚರ್ಚೆಯೇ ಆಯಿತು. ಅವುಗಳಲ್ಲಿ ತೀರ ಹಳೆಯವು ನಿಜವಾಗಿಯೂ ಬಹಮನಿ ಕಾಲದವೇ ಅಥವಾ ಆಮೇಲೆ ಬರೆದವೇ ಎಂಬುದರಲ್ಲಿ ಒಮ್ಮತವಿಲ್ಲ. ಇಂಥ ಪ್ರಶ್ನೆಯನ್ನು ಬಿಡಿಸುವುದು ಹೇಗೆ? ಕಾಗದ, ಶಾಯಿ, ಮುದ್ರೆ, ಬಿರುದುಗಳ ಕ್ರಮ, ತೇದಿ, ಆ ಕಾಲದ ಲಿಪಿಶೈಲಿ ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡಬೇಕು. ಬರಹ ಯಾವ ಕಾಲದ್ದು, ಯಾರ ಕೈಯದು ಎಂದು ಕೇಳುವುದು ಒಂದು ವಿದ್ಯೆ. ಬರೆದವನ ಗುಣ ಎಂಥದ್ದು ಎಂದು ಕೇಳುವುದು ಬೇರೆಯೇ ಸಂಗತಿ. ಗ್ರಾಫಾಲಜಿಯವರು ಮೊದಲನೆಯದರ ಗೌರವವನ್ನು ಎರಡನೆಯದಕ್ಕೆ ಕೊಟ್ಟು ಮಾತಾಡುವುದರಿಂದ ಜನರಿಗೆ ಗೊಂದಲವಾಗುತ್ತದೆ.

ಯುರೋಪಿನಲ್ಲಿ ಹುಟ್ಟಿದ ವಿದ್ಯೆ

ಅಕ್ಷರದಿಂದ ಗುಣ ಹೇಳುವ ಪ್ರಯತ್ನದ ಮೊದಲ ಪುಸ್ತಕಗಳಲ್ಲಿ ಒಂದು 1622ರಲ್ಲಿ ಇಟಲಿಯಲ್ಲಿ ಪ್ರಕಟವಾಯಿತು. ಬೊಲೊನ್ಯಾದ ಕಮಿಲ್ಲೊ ಬಾಲ್ದಿ ಅದರ ಕರ್ತೃ. ಎರಡೂವರೆ ಶತಮಾನದ ನಂತರ, 1870ರ ದಶಕದಲ್ಲಿ, ಫ್ರಾನ್ಸಿನ ಪಾದ್ರಿ ಮಿಶೋಂ ಇದಕ್ಕೆ ಗ್ರಾಫಾಲಜಿ ಎಂದು ಹೆಸರಿಟ್ಟು, ಸಂಘ ಕಟ್ಟಿ, ಒಂದೊಂದು ಗುರುತಿಗೆ ಒಂದೊಂದು ಗುಣ ಎಂದು ಪಟ್ಟಿ ಮಾಡಿದ. ಅವನ ನಂತರ ಬಂದ ಕ್ರೆಪಿಯೋ-ಜಾಮಿನ್ ಎಂಬವನು ಬಿಡಿ ಗುರುತಿಗೆ ನಿಶ್ಚಿತ ಅರ್ಥವಿಲ್ಲ, ಇಡೀ ಬರಹ ನೋಡಬೇಕು ಎಂದ. ಇಂದಿನ ಶಿಬಿರಗಳಲ್ಲಿ ಹೇಳುವ ಸೂತ್ರಗಳ ಬೇರು ಇಲ್ಲಿದೆ.

ಅಕ್ಷರದ ಬಗೆಗಿನ ಅತಿ ಆತ್ಮವಿಶ್ವಾಸ ಎಂಥ ಅನ್ಯಾಯಕ್ಕೆ ದಾರಿಯಾಗಬಹುದು ಎಂಬುದನ್ನೂ ಫ್ರಾನ್ಸ್ ದೇಶವೇ ಕಂಡಿತು. 1894ರಲ್ಲಿ ಅಲ್ಲಿನ ಸೈನ್ಯದ ರಹಸ್ಯಗಳನ್ನು ಜರ್ಮನಿಗೆ ಮಾರುವ ಚೀಟಿಯೊಂದು ಸಿಕ್ಕಿತು. ಅದರ ಅಕ್ಷರ ಆಲ್ಫ್ರೆಡ್ ಡ್ರೇಫಸ್ ಎಂಬ ಯಹೂದಿ ಅಧಿಕಾರಿಯದೇ ಎಂದು ಬೆರ್ತಿಲೋಂ ಎಂಬ ಹೆಸರಾಂತ ಪೊಲೀಸ್ ತಜ್ಞ ಹೇಳಿದ. ಚೀಟಿಗೂ ಡ್ರೇಫಸನ ಅಕ್ಷರಕ್ಕೂ ಇದ್ದ ವ್ಯತ್ಯಾಸಗಳನ್ನು ಸಹ ಅವನು ಬೇಕೆಂದೇ ಮಾಡಿದ ಮೋಸವೆಂದು ಬೆರ್ತಿಲೋಂ ವಾದಿಸಿದ. ಹೋಲಿಕೆಯೂ ಸಾಕ್ಷಿ, ವ್ಯತ್ಯಾಸವೂ ಸಾಕ್ಷಿ ಎಂದರೆ ನಿರಪರಾಧಿಗೆ ಉಳಿಗಾಲವೆಲ್ಲಿ? ಡ್ರೇಫಸನನ್ನು ದೂರದ ದ್ವೀಪದ ಸೆರೆಗೆ ಕಳಿಸಿದರು. ಚೀಟಿ ಬರೆದವನು ಎಸ್ತರಾಜಿ ಎಂಬ ಇನ್ನೊಬ್ಬ ಅಧಿಕಾರಿ ಎಂದು ಹೊರಬಿದ್ದು, ಡ್ರೇಫಸ್ ಪೂರ್ಣ ನಿರ್ದೋಷಿ ಎಂದು ತೀರ್ಪಾದದ್ದು 1906ರಲ್ಲಿ. ಯಾರ ಮೇಲೆ ಸಮಾಜಕ್ಕೆ ಮೊದಲೇ ಸಂಶಯವಿರುತ್ತದೆಯೋ ಅವರ ವಿಷಯದಲ್ಲಿ ಇಂಥ ತಪ್ಪು ಸುಲಭವಾಗಿ ನಡೆದುಹೋಗುತ್ತದೆ.

ಪರೀಕ್ಷೆಗೆ ಒಡ್ಡಿದಾಗ

ಅದೇ 1906ರಲ್ಲಿ ಆಲ್ಫ್ರೆಡ್ ಬಿನೆ ಗ್ರಾಫಾಲಜಿಯ ಮೇಲೆ ತಾನು ನಡೆಸಿದ ಪರೀಕ್ಷೆಗಳ ಪುಸ್ತಕ ಪ್ರಕಟಿಸಿದ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗಲೆಂದು ಬುದ್ಧಿಶಕ್ತಿಯ ಪರೀಕ್ಷೆ ರೂಪಿಸಿದ ಬಿನೆಯೇ ಈತ. ಬರಹ ಗಂಡಸಿನದೋ ಹೆಂಗಸಿನದೋ ಎಂದು ಹೇಳುವುದರಲ್ಲಿ ತಜ್ಞರಿಗೂ ಸಾಮಾನ್ಯರಿಗೂ ಹೆಚ್ಚು ಅಂತರ ಕಾಣಲಿಲ್ಲ. ಬುದ್ಧಿಮಟ್ಟದ ವಿಷಯದಲ್ಲಿ ತಜ್ಞರು ಬರಿಯ ಊಹೆಗಿಂತ ತುಸು ಮೇಲಿದ್ದರೂ ತಪ್ಪುಗಳು ಬಹಳವಿದ್ದವು. 1989ರಲ್ಲಿ ನೆಟರ್ ಮತ್ತು ಬೆನ್-ಶಖರ್ ಎಂಬ ಸಂಶೋಧಕರು ನೌಕರಿಯ ಆಯ್ಕೆಗೆ ಗ್ರಾಫಾಲಜಿ ಬಳಸಿದ 17 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅರ್ಜಿದಾರರು ಬರೆದ ಜೀವನ ವೃತ್ತಾಂತವನ್ನು ಓದಿದ, ಗ್ರಾಫಾಲಜಿಯ ಗಂಧವೇ ಇಲ್ಲದ ಮನಶ್ಶಾಸ್ತ್ರಜ್ಞರು ಗ್ರಾಫಾಲಜಿಸ್ಟರಿಗಿಂತ ಹಿಂದೆ ಬೀಳಲಿಲ್ಲ. ಅಂದರೆ ಸುಳಿವು ಇದ್ದದ್ದು ಬರೆದ ವಿಷಯದಲ್ಲಿ, ಅಕ್ಷರದ ಬಾಗಿನಲ್ಲಿ ಅಲ್ಲ.

"ಆದರೆ ನನ್ನ ಬಗ್ಗೆ ಅವರು ಹೇಳಿದ್ದೆಲ್ಲ ಸರಿಯಾಗಿತ್ತಲ್ಲ!" ಎಂದು ನೀವು ಕೇಳಬಹುದು. ಅದಕ್ಕೂ ಉತ್ತರವಿದೆ. 1948ರಲ್ಲಿ ಅಮೆರಿಕದ ಬರ್ಟ್ರಾಮ್ ಫೋರರ್ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ವಾರದ ನಂತರ ಪ್ರತಿಯೊಬ್ಬನಿಗೂ ಅವನ 'ವ್ಯಕ್ತಿತ್ವ ವರದಿ' ಹಂಚಿದ. ಐದಕ್ಕೆ ಎಷ್ಟು ಅಂಕ ಕೊಡುವಿರಿ ಎಂದಾಗ ವಿದ್ಯಾರ್ಥಿಗಳು ಕೊಟ್ಟ ಸರಾಸರಿ 4.26. ಆಮೇಲೆ ತಿಳಿದದ್ದೇನೆಂದರೆ ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ! ಅದರ ಮಾತುಗಳನ್ನು ಹೆಚ್ಚಾಗಿ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದ. "ಹೊರಗೆ ಧೈರ್ಯವಂತರಾಗಿ ಕಂಡರೂ ಒಳಗೆ ಚಿಂತೆ ಇದೆ" ಎಂದರೆ ಜಮಖಂಡಿ ಸಂತೆಗೆ ಬಂದ ಯಾರು ತಾನೆ ಅಲ್ಲ ಎಂದಾರು?

ಇನ್ನೊಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ಉತ್ಸಾಹ 'ಏರುತ್ತದೆ', ಮನಸ್ಸು 'ಕುಗ್ಗುತ್ತದೆ' ಎನ್ನುತ್ತೇವೆ. ಆದ್ದರಿಂದ ಏರುವ ಸಾಲಿಗೆ ಉತ್ಸಾಹ, ಕುಗ್ಗಿದ ಅಕ್ಷರಕ್ಕೆ ಸಂಕೋಚ ಎಂದರೆ ಸಹಜವೆನಿಸುತ್ತದೆ. ಮಾತಿನ ಹೋಲಿಕೆಯನ್ನು ನಾವು ಪುರಾವೆ ಎಂದು ತಿಳಿದುಬಿಡುತ್ತೇವೆ.

ತಲೆಕಟ್ಟಿಗೆ ಯಾವ ಅಳತೆ?

ಗ್ರಾಫಾಲಜಿಯ ಸೂತ್ರಗಳು ರೋಮನ್ ಲಿಪಿ ನೋಡಿ ಮಾಡಿದವು. ಇಂಗ್ಲಿಷಿನ 'ಟಿ' ಅಕ್ಷರದ ಅಡ್ಡಗೆರೆ, 'ಐ' ಅಕ್ಷರದ ಚುಕ್ಕಿ, 'ಜಿ', 'ವೈ' ಅಕ್ಷರಗಳ ಬಾಲ ಅವರ ಮುಖ್ಯ ಆಧಾರ. ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತಕ್ಷರಗಳಿಗೆ ಅಲ್ಲಿ ಯಾವ ಅಳತೆಯೂ ಇಲ್ಲ. ನಮ್ಮ ಅಕ್ಷರ ದುಂಡಗಾಗಲು ಓಲೆಗರಿ ಹರಿಯಬಾರದೆಂಬ ಕಾಳಜಿ ಕಾರಣವೆಂದು ಹೇಳುವುದುಂಟು. ದುಂಡಗಿನ ಅಕ್ಷರಕ್ಕೆ ಮೃದು ಸ್ವಭಾವ ಎಂದರೆ ಕನ್ನಡಿಗರೆಲ್ಲ ಹುಟ್ಟು ಸಾಧುಗಳಾಗಬೇಕಾಗುತ್ತದೆ!

ನಮ್ಮ ಉರ್ದು ಶಾಲೆಯ ಒಂದು ಮಗುವನ್ನು ತೆಗೆದುಕೊಳ್ಳಿ. ಅದು ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತದೆ, ಕನ್ನಡ, ಇಂಗ್ಲಿಷನ್ನು ಎಡದಿಂದ ಬಲಕ್ಕೆ. ಮೂರರಲ್ಲೂ ಅಕ್ಷರದ ವಾಲು, ಒತ್ತು, ಅಂತರ ಬೇರೆ ಬೇರೆ. ಹಾಗಾದರೆ ಆ ಮಗುವಿಗೆ ಮೂರು ಸ್ವಭಾವಗಳಿವೆಯೇ? ಎಡಗೈಯಲ್ಲಿ ಬರೆಯುವ ಮಗುವಾದರೆ ಕನ್ನಡ ಬರೆಯುವಾಗ ಹಸಿ ಶಾಯಿಯ ಮೇಲೆ ಕೈ ಹೋಗಿ ಹಾಳೆ ಹೊಲಸಾಗುತ್ತದೆ. ಉರ್ದು ಬರೆಯುವಾಗ ಆ ತೊಂದರೆ ಇಲ್ಲ. ಕನ್ನಡ ಶಿಕ್ಷಕರು ಅದಕ್ಕೆ 'ಶಿಸ್ತಿಲ್ಲ' ಎಂದರೆ, ಉರ್ದು ಶಿಕ್ಷಕರು 'ಅಚ್ಚುಕಟ್ಟು' ಎನ್ನಬಹುದು. ಮಗು ಒಂದೇ!

ನ್ಯಾಯಾಲಯದ ಎಚ್ಚರಿಕೆ

ನಮ್ಮ ದೇಶದ 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಂ ಕೈಬರಹದ ಗುರುತಿನ ಬಗ್ಗೆ ತಜ್ಞರ ಅಭಿಪ್ರಾಯಕ್ಕೆ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅಂಥ ಅವಕಾಶವಿದೆ. ಆದರೆ ಇದು 'ಈ ಸಹಿ ಇವರದೇ?' ಎಂಬ ಪ್ರಶ್ನೆಗೆ ಮಾತ್ರ. ಅದರಲ್ಲೂ ತಜ್ಞರ ಅಭಿಪ್ರಾಯವನ್ನು ಬಹಳ ಎಚ್ಚರಿಕೆಯಿಂದ ಸ್ವೀಕರಿಸಬೇಕೆಂದು ಸುಪ್ರೀಂ ಕೋರ್ಟ್ 1977ರ ಮಗನ್ ಬಿಹಾರಿ ಲಾಲ್ ಪ್ರಕರಣದಲ್ಲಿ ಹೇಳಿತು. ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ 1858ರಲ್ಲಿ ಕರಾರುಪತ್ರಕ್ಕೆ ಗುತ್ತಿಗೆದಾರನ ಅಂಗೈ ಗುರುತು ಒತ್ತಿಸಿಕೊಂಡದ್ದೂ, ಮುಂದೆ ಹೆಬ್ಬೆಟ್ಟಿಗೆ ಬೆಲೆ ಬಂದದ್ದೂ ಸಹಿಯ ಮೇಲಿನ ಅಪನಂಬಿಕೆಯಿಂದಲೇ. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಬೀಳಗಿ ಭಾಗದ ಹಿರಿಯರಿಗೆ ಕಾಗದದ ಮೇಲಿನ ಒಂದು ಸಹಿ ಅಥವಾ ಹೆಬ್ಬೆಟ್ಟಿನ ತೂಕ ಎಷ್ಟೆಂದು ಹೇಳಿಕೊಡಬೇಕಾಗಿಲ್ಲ. ಒಂದು ಎಕರೆ ಹೊಲದ ವಿಷಯದಲ್ಲಿ ಇಷ್ಟು ಜಾಗ್ರತೆ ಬೇಕಾದರೆ, ಒಂದು ಮಗುವಿನ ಭವಿಷ್ಯದ ವಿಷಯದಲ್ಲಿ ಎಷ್ಟು ಬೇಕು?

ಆಪ್ತಸಮಾಲೋಚನೆಯಲ್ಲಿ ಕೈಬರಹದ ಉಪಯೋಗ

ಹಾಗಾದರೆ ಶಿಕ್ಷಕರು ಮಕ್ಕಳ ಅಕ್ಷರವನ್ನು ನೋಡಲೇಬಾರದೇ? ಅವಶ್ಯವಾಗಿ ನೋಡಬೇಕು. ಆದರೆ ನೋಡುವ ರೀತಿ ಬೇರೆಯಾಗಬೇಕು.

ಮೊದಲನೆಯದಾಗಿ, ಮಗುವಿನ ಅಕ್ಷರವನ್ನು ಇನ್ನೊಬ್ಬರ ಅಕ್ಷರದ ಜೊತೆ ಹೋಲಿಸದೆ ಅದೇ ಮಗುವಿನ ಹಿಂದಿನ ಅಕ್ಷರದ ಜೊತೆ ಹೋಲಿಸಿರಿ. ಚೆನ್ನಾಗಿದ್ದ ಬರಹ ಒಮ್ಮೆಲೆ ಕೆಟ್ಟರೆ ಏನೋ ಆಗಿದೆ ಎಂದರ್ಥ. ಕಣ್ಣಿನ ದೋಷವಿರಬಹುದು, ನಿದ್ದೆಗೆಟ್ಟಿರಬಹುದು, ಕೈಗೆ ಪೆಟ್ಟಾಗಿರಬಹುದು, ಮನೆಯಲ್ಲಿ ತೊಂದರೆಯಿರಬಹುದು. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಮಗು ರಾತ್ರಿ ಮಗ್ಗದ ಸದ್ದಿನಲ್ಲಿ, ಮಂದ ದೀಪದಲ್ಲಿ ಬರೆದು ಬಂದಿರಬಹುದು. ಅಕ್ಷರ ಉತ್ತರ ಹೇಳುವುದಿಲ್ಲ, "ಏನಾಯಿತಪ್ಪಾ?" ಎಂದು ಕೇಳಲು ನಮಗೆ ನೆನಪಿಸುತ್ತದೆ. ಹಿರಿಯರಲ್ಲಿ ಅಕ್ಷರ ಬರಬರುತ್ತ ಸಣ್ಣದಾಗುವುದು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣವೂ ಆಗಿರಬಹುದು. ಅಂಥವರನ್ನು ವೈದ್ಯರ ಬಳಿ ಕರೆದೊಯ್ಯಬೇಕು.

ಎರಡನೆಯದಾಗಿ, ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುವ ಮಗು ಬರೆಯಲು ಕೂತರೆ ಒದ್ದಾಡುತ್ತದೆಯೇ? ಎಷ್ಟು ಅಭ್ಯಾಸ ಮಾಡಿಸಿದರೂ ಸುಧಾರಿಸುತ್ತಿಲ್ಲವೇ? ಅದು ಡಿಸ್‌ಗ್ರಾಫಿಯಾ ಎಂಬ ಕಲಿಕಾ ನ್ಯೂನತೆ ಇರಬಹುದು. ಅದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದನ್ನು ಹೆಸರು ಹೇಳಿ ಸೇರಿಸಿದೆ. ಯೋಗ್ಯ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗಳು ಸಿಗಬಲ್ಲವು. ಈ ಮಗುವಿಗೆ 'ಅಸ್ಥಿರ ವ್ಯಕ್ತಿತ್ವ' ಎಂಬ ಚೀಟಿ ಅಂಟಿಸಿದರೆ ಅದರ ಹಕ್ಕನ್ನೇ ಕಸಿದಂತೆ.

ಮೂರನೆಯದಾಗಿ, ಮಕ್ಕಳು ಏನು ಬರೆದಿದ್ದಾರೆ ಎಂಬುದನ್ನು ಓದಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಮನಸ್ಸಿನ ನೋವಿನ ಘಟನೆಯನ್ನು ಬರೆಯಲು ಹೇಳಿದ. ಬರೆಯುವಾಗ ದುಃಖವಾದರೂ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ನಂತರದ ಅಧ್ಯಯನಗಳಲ್ಲಿ ಈ ಲಾಭ ಸಾಧಾರಣ ಪ್ರಮಾಣದ್ದೆಂದು ಕಂಡರೂ ಖರ್ಚಿಲ್ಲದ ಉಪಾಯವಿದು. ಕಾಗುಣಿತ ತಿದ್ದದೆ, ಅಂಕ ಕೊಡದೆ, ಬೇರೆಯವರಿಗೆ ತೋರಿಸದೆ ಬರೆಯಲು ಬಿಡಬೇಕು. ನೋವು ಆಳವಾಗಿದೆ ಎನಿಸಿದರೆ ತಜ್ಞರ ನೆರವು ಪಡೆಯಬೇಕು. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ವಿದ್ಯಾರ್ಥಿ ಮಿತ್ರರೇ, ಅಕ್ಷರವನ್ನು ದುಂಡಗೆ, ಸ್ಪಷ್ಟವಾಗಿ ಬರೆಯಲು ಅವಶ್ಯ ಅಭ್ಯಾಸ ಮಾಡಿರಿ. ಅದು ಓದುವವರಿಗೆ ನೀವು ತೋರುವ ಮರ್ಯಾದೆ, ಪರೀಕ್ಷೆಯಲ್ಲೂ ಉಪಯೋಗ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಮೋಡಿ ಅಥವಾ ಪಾರಸಿ ಕಾಗದಗಳಿದ್ದರೆ ಕೆಡದಂತೆ ಇಡಿರಿ. ನಿಮ್ಮಲ್ಲಿ ಒಬ್ಬಿಬ್ಬರಾದರೂ ಆ ಲಿಪಿಗಳನ್ನು ಕಲಿತರೆ ನಮ್ಮ ನಾಲ್ಕೂ ಊರುಗಳ ಇತಿಹಾಸಕ್ಕೆ ದೊಡ್ಡ ಸೇವೆಯಾದೀತು. ಆದರೆ ನಿಮ್ಮ ನಾಲ್ಕು ಸಾಲು ನೋಡಿ "ನೀನು ಇಷ್ಟೇ" ಎನ್ನುವವರು ಸಿಕ್ಕರೆ ಆ ಮಾತನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಕೈಬರಹ ನೀವು ಕಲಿತದ್ದು, ಇನ್ನೂ ಕಲಿಯಬಹುದಾದದ್ದು. ಅದನ್ನು ಯಾರೂ ನಿಮ್ಮ ಹಣೆಬರಹ ಮಾಡದಿರಲಿ.